ಮ್ಯಾಗ್ನೆಟ್ ಮೋಟಾರ್ ಪ್ರಯೋಗ ನಮ್ಮ ಹುಡುಗರಿಗೆ ಬೇಕಾ?

ಪರ: ಸುತ್ತಲಿ ಬಿಡಿ

ಚಿಂತಾಮಣಿಯಲ್ಲಿ ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಲ್ಲಿ ದುಡಿಯುವ ಸಬ್‌ಮರ್ಸಿಬಲ್ ಮೋಟಾರು ವೋಲ್ಟೇಜ್ ಇಳಿದರೂ, ಒಂದು ಫೇಸ್ ಹೋದರೂ ಸುಟ್ಟುಹೋಗುತ್ತದೆ. ಅದಕ್ಕೇ ನಮ್ಮಂಥ ಅಂಗಡಿಗಳ ಹೊರಗೆ ಸುಟ್ಟ ತಂತಿಯ ರಾಶಿ ಇದ್ದೇ ಇರುತ್ತದೆ. ಬ್ಯಾಟರಿ ಇಲ್ಲದೆ ಮ್ಯಾಗ್ನೆಟ್ ಬಲದಿಂದಲೇ ಓಡುವ ಮೋಟಾರು ಮಾಡಬೇಕು ಅಂತ ಆ ರಾಶಿ ಹುಡುಕಿಕೊಂಡು ಬರುವ ಹುಡುಗರ ಪರವಾಗಿ ಬರೆಯುತ್ತಿದ್ದೇನೆ.

ಅವರು ಎರಡು ಎನಾಮಲ್ ತಂತಿಗಳನ್ನು ಜೊತೆಯಾಗಿ ಹಿಡಿದು ಚಪ್ಪಟೆ ಸುರುಳಿ, ಅಂದರೆ ಕಾಯಿಲ್, ಸುತ್ತುತ್ತಾರೆ. ಮೊದಲ ತಂತಿಯ ಕೊನೆಯನ್ನು ಎರಡನೆಯದರ ಆರಂಭಕ್ಕೆ ಸೇರಿಸುತ್ತಾರೆ. ಇದು ತಲೆಕೆಟ್ಟವರ ಕೆಲಸ ಅಲ್ಲ. 1894ರಲ್ಲಿ ನಿಕೋಲಾ ಟೆಸ್ಲಾ ಇಂಥ ಸುತ್ತಿಗೇ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಪಕ್ಕಪಕ್ಕದ ಸುತ್ತುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಜಾಸ್ತಿಯಾಗುತ್ತದೆ. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಕೆಲಸವನ್ನೂ ಕಾಯಿಲ್ಲೇ ಮಾಡುತ್ತದೆ. ಬೇರೆ ಕೆಪಾಸಿಟರ್ ಹಾಕುವ ಖರ್ಚು ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಸುತ್ತುವ ರೀತಿ ಬದಲಾದರೆ ಕಾಯಿಲ್ಲಿನ ಗುಣ ಬದಲಾಗುತ್ತದೆ. ಇದು ಓದಿದವನಿಗಿಂತ ಸುತ್ತಿ ನೋಡಿದವನಿಗೆ ಚೆನ್ನಾಗಿ ಗೊತ್ತು.

ಪಿಯುಸಿ ಫೇಲಾದ ಹುಡುಗನೊಬ್ಬ ಬಂದು, "ಅಣ್ಣಾ, ಹಳೇ ತಂತಿ ಕೊಡ್ತೀರಾ?" ಅಂದ. ಅವನ ತಲೆಯಲ್ಲಿ ಇದ್ದದ್ದು ಬ್ಯಾಟರಿಯೇ ಬೇಡದ ಮೋಟಾರು. ಸೈಕಲ್ ರಿಮ್ಮಿಗೆ ಸುತ್ತಲೂ ಮ್ಯಾಗ್ನೆಟ್ ಅಂಟಿಸಿದ್ದ. ತಳ್ಳಿದರೆ ಸ್ವಲ್ಪ ಹೋಗಿ, ಹಿಂದಕ್ಕೂ ಮುಂದಕ್ಕೂ ತೂಗಾಡಿ ನಿಲ್ಲುತ್ತಿತ್ತು. ಯಾಕೆ ಅಂತ ನಾನು ಹೇಳಲಿಲ್ಲ. ಕೂತು ನೋಡಿ ನೋಡಿ ಅವನೇ ಹೇಳಿದ: "ಅಣ್ಣಾ, ಬರುವಾಗ ಎಷ್ಟು ಎಳೀತದೋ ಹೋಗುವಾಗ ಅಷ್ಟೇ ಹಿಡ್ಕೊಂತದೆ." ಈ ಒಂದು ಮಾತು ಸ್ವಂತವಾಗಿ ಬರಬೇಕಾದರೆ ಎಷ್ಟು ಪಾಠ ಬೇಕು ಹೇಳಿ! ಆಮೇಲೆ ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವ ರೀಡ್ ಸ್ವಿಚ್, ಕರೆಂಟನ್ನು ಬಿಡುವ-ತಡೆಯುವ ಟ್ರಾನ್ಸಿಸ್ಟರ್ ಹಾಕಿದ. ಮ್ಯಾಗ್ನೆಟ್ ಎದುರಿಗೆ ಬಂದಾಗ ಮಾತ್ರ ಕಾಯಿಲ್ಲಿಗೆ ಕರೆಂಟ್ ಹೋಗುವ ಹಾಗೆ ಮಾಡಿದ. ಚಕ್ರ ಓಡಿತು, ಬ್ಯಾಟರಿ ಬಲದಿಂದಲೇ. ಕರೆಂಟ್ ಕಟ್ಟಾದ ಕ್ಷಣ ಕಾಯಿಲ್ ಚಿಮ್ಮಿಸುವ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಸುಟ್ಟಾಗ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಯಾಕೆ ಬೇಕು ಅಂತ ಕಲಿತ.

ಈಗ ಅವನು ನಮ್ಮ ಅಂಗಡಿಯಲ್ಲೇ ಇದ್ದಾನೆ. ಎಷ್ಟು ಸುತ್ತು, ತಂತಿಯ ದಪ್ಪ ಯಾವ ಗೇಜು, ತಂತಿ ಕೂರುವ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಅಂತ ಬರೆದುಕೊಂಡೇ ಹಳೇ ವೈಂಡಿಂಗ್ ಕತ್ತರಿಸುತ್ತಾನೆ. ಬಿಎಲ್‌ಡಿಸಿ ಫ್ಯಾನ್ (ಬ್ರಷ್ ಇಲ್ಲದ ಡಿಸಿ ಮೋಟಾರಿನದು) ರಿಪೇರಿಗೆ ಬಂದರೆ ಅವನ ಕೈಗೇ ಕೊಡುತ್ತೇನೆ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಇದು 30ರ ಆಸುಪಾಸು. ಅದರೊಳಗಿರುವುದೂ ಮ್ಯಾಗ್ನೆಟ್, ಕಾಯಿಲ್, ಸರಿಯಾದ ಹೊತ್ತಿಗೆ ಕರೆಂಟ್ ಕೊಡುವ ಸರ್ಕೀಟು. ಸೈಕಲ್ ಚಕ್ರದಲ್ಲಿ ಅವನು ಮಾಡಿದ್ದೂ ಅದನ್ನೇ ಅಲ್ವಾ?

ಫ್ರೀ ಕರೆಂಟ್ ಅಂತ ದುಡ್ಡು ಹೊಡೆಯುವವರ ವಿಷಯ ಬೇರೆ, ಅದನ್ನು ಪೊಲೀಸರು ನೋಡಿಕೊಳ್ಳಲಿ. ಶಕ್ತಿ ಪುಕ್ಕಟೆ ಹುಟ್ಟುವುದಿಲ್ಲ ಅನ್ನುವ ನಿಯಮ ಗೊತ್ತಿಲ್ಲದ ದಡ್ಡರು ಅಂತ ಈ ಹುಡುಗರನ್ನು ಬೈಯುವವರು ಮೊದಲು ಒಂದು ಕಾಯಿಲ್ ಸುತ್ತಿ ತೋರಿಸಲಿ.

ವಿರೋಧ: ಲೆಕ್ಕ ಮೊದಲು

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ. ಭೌತಶಾಸ್ತ್ರ ಪಾಠ ಮಾಡುವ ನನಗೆ ಪ್ರಯೋಗವೇ ಬೇಡ ಅನ್ನಲು ಬಾಯಿ ಬರುವುದಿಲ್ಲ. ತಾನೇ ಓಡುವ ಮೋಟಾರು ಅನ್ನುವ ಗುರಿಗೆ ಮಾತ್ರ ನನ್ನ ವಿರೋಧ.

ಲೆನ್ಸ್ ಎಂಬ ಭೌತವಿಜ್ಞಾನಿ 1834ರಲ್ಲೇ ಕಂಡುಕೊಂಡ ನಿಯಮ ಇದು: ಕಾಯಿಲ್ಲಿನಲ್ಲಿ ಹುಟ್ಟುವ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ತಂತಿಯನ್ನು ಹೇಗೆ ಸುತ್ತಿದರೂ ಇದರಿಂದ ಬಿಡುಗಡೆ ಇಲ್ಲ. ತಾನೇ ಓಡುವ ಯಂತ್ರಗಳ ಅರ್ಜಿ ತೆಗೆದುಕೊಳ್ಳುವುದನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ನಿಲ್ಲಿಸಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3 ಕೂಡ ಪ್ರಕೃತಿ ನಿಯಮಕ್ಕೆ ಎದುರಾದುದನ್ನು ಆವಿಷ್ಕಾರ ಎಂದು ಒಪ್ಪುವುದಿಲ್ಲ. ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆ ಎಂದ ಅಮೆರಿಕದ ಜೋಸೆಫ್ ನ್ಯೂಮನ್ ಎಂಬುವರ ಯಂತ್ರವನ್ನು ಅಲ್ಲಿನ ಸರ್ಕಾರಿ ಮಾಪನ ಸಂಸ್ಥೆ 1986ರಲ್ಲಿ ಪರೀಕ್ಷೆ ಮಾಡಿತು. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಕಡಿಮೆ.

ಆದರೂ ಹುಡುಗರು "ಸಾರ್, ಜಾಸ್ತಿ ಬರ್ತಿದೆ" ಅನ್ನುತ್ತಾರೆ. ತಪ್ಪಿರುವುದು ಅಳತೆಯಲ್ಲಿ. ಅಗ್ಗದ ಮೀಟರು ಎಸಿ ಅಳೆಯುವಾಗ ನುಣುಪಾಗಿ ಏರಿಳಿಯುವ ಸೈನ್ ಅಲೆಯನ್ನೇ ನಂಬಿಕೊಂಡಿರುತ್ತದೆ. ಕಾಯಿಲ್ ಚಿಮ್ಮಿಸುವ ಮೊನಚು ಅಲೆಗೆ ಅದು ಕೊಡುವ ಅಂಕಿ ಸರಿ ಇರುವುದಿಲ್ಲ. ಆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಪವಾಡ ಸಿಗುತ್ತದೆ, ಶಕ್ತಿಯಲ್ಲ. 

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರೂ ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅವರ ಜಿಲ್ಲೆಯ ಮಕ್ಕಳು ಚಕ್ರವನ್ನೂ ಹಾಗೇ ಪರೀಕ್ಷಿಸಬೇಕು. ಹೊರಗೆ ಬಂದ ಕರೆಂಟನ್ನು ಒಂದು ಕೆಪಾಸಿಟರಿಗೆ ತುಂಬಿ, ಅದನ್ನೇ ವಾಪಸ್ ಒಳಗೆ ಕೊಟ್ಟು, ಬ್ಯಾಟರಿ ತೆಗೆದುಬಿಡಲಿ. ಎಷ್ಟು ಹೊತ್ತಿಗೆ ನಿಂತಿತು ಅಂತ ಬರೆದುಕೊಳ್ಳಲಿ. ಇಷ್ಟು ಮಾಡಿಸದೆ ಯಾವ ಮ್ಯಾಗ್ನೆಟ್ ಮೋಟಾರನ್ನೂ ವಿಜ್ಞಾನ ಪ್ರದರ್ಶನಕ್ಕೆ ಕಳಿಸಬೇಡಿ ಎಂದು ನಮ್ಮ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.