ಪಕ್ಕದ ಜಿಲ್ಲೆಯ ಪ್ಯಾರಿಸ್

ಪ್ಯಾರಿಸ್ ನೋಡಿ ಬಂದವರು ಐಫೆಲ್ ಗೋಪುರದ ಕೀ ಚೈನ್ ತರದೆ ಇರುವುದಿಲ್ಲ. ನೆಂಟರಿಗೆಲ್ಲ ಒಂದೊಂದು ಹಂಚಿ, ‘ಗೋಪುರದ ಬುಡದಲ್ಲೇ ಕೊಂಡಿದ್ದು’ ಅಂತ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಪುಟಾಣಿ ಗೋಪುರ ಎಷ್ಟೋ ಸಲ ಚೀನಾದ ಯಿವು ಊರಿನ ಸಗಟು ಮಾರುಕಟ್ಟೆಯಿಂದ ಡಜನ್ ಲೆಕ್ಕದಲ್ಲಿ ಹೊರಟು, ಹಡಗು ಹತ್ತಿ ಪ್ಯಾರಿಸ್ ಸೇರಿರುತ್ತದೆ. 75 ಸಾವಿರಕ್ಕೂ ಹೆಚ್ಚು ಮಳಿಗೆಗಳ ಮಾರುಕಟ್ಟೆ ಅದು. ಜಗತ್ತಿನ ಕ್ರಿಸ್‌ಮಸ್ ಅಲಂಕಾರದ ಸಾಮಾನು ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಹೋಗುತ್ತದೆ. ಹೀಗಿದ್ದರೂ ಚೀನಾದವರ ಲೆಕ್ಕದಲ್ಲಿ ಯಿವು ಸಣ್ಣ ಊರು. ಜನಸಂಖ್ಯೆ ಬರೀ 19 ಲಕ್ಷದ ಆಸುಪಾಸು. ಹುಬ್ಬಳ್ಳಿ-ಧಾರವಾಡದವರು ಈ ಲೆಕ್ಕ ಒಪ್ಪಲಿಕ್ಕಿಲ್ಲ.

ಈ ಸಣ್ಣ ಊರಿನಲ್ಲಿ ಒಂದು ಫ್ರೆಂಚ್ ಹೋಟೆಲ್ ಇದೆ. ಹೆಸರು ಬೇಡ ಬಿಡಿ. ನಾನು ಇಲ್ಲಿ ನಮ್ಮ ಕಡೆಯ ವ್ಯಾಪಾರಿಗಳಿಗೆ ಸರಕು ಕೊಡಿಸುವ ಏಜೆಂಟ್. ನನ್ನನ್ನು ಅಲ್ಲಿಗೆ ಊಟಕ್ಕೆ ಕರೆದೊಯ್ದವರು ಒಬ್ಬ ಲಾವೋಬಾನ್, ಅಂದರೆ ಕಾರ್ಖಾನೆಯ ಧಣಿ. ಅವರ ಕಾರ್ಖಾನೆಯಲ್ಲಿ ತಯಾರಾಗುವುದು ಅದೇ ಕೀ ಚೈನ್. ಹೊರದೇಶದವರೆಲ್ಲ ಫ್ರೆಂಚ್ ಊಟ ಮಾಡುವವರು ಅಂತ ಅವರ ನಂಬಿಕೆ. ದಾವಣಗೆರೆಯವನೂ ಹೊರದೇಶದವನು, ಪ್ಯಾರಿಸ್ಸಿನವನೂ ಹೊರದೇಶದವನು. ಇಬ್ಬರಿಗೂ ಬೆಣ್ಣೆ ಇಷ್ಟ. ಬೆಣ್ಣೆಯ ಮಟ್ಟಿಗೆ ಅವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಹೋಟೆಲ್ ಶುರುವಾದ ದಿನ ಬಾಗಿಲಲ್ಲಿ ಎತ್ತರದ ಬಿಳಿ ಟೋಪಿ ಹಾಕಿಕೊಂಡ ಬಿಳಿಯನೊಬ್ಬ ನಿಂತು ಎಲ್ಲರಿಗೂ ಕೈ ಮುಗಿಯುತ್ತಿದ್ದನಂತೆ. ಅಡುಗೆ ಭಟ್ಟ ಅಂತ ಜನ ಅಂದುಕೊಂಡರು. ಆಮೇಲೆ ನೋಡಿದರೆ ಆತ ಊರಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ಮೇಷ್ಟ್ರು. ಚೀನಾದಲ್ಲಿ ಇದೊಂದು ಕಸುಬೇ ಆಗಿಬಿಟ್ಟಿತ್ತು. ಅಂಗಡಿ ಪೂಜೆಗೆ, ಫ್ಲ್ಯಾಟ್ ಮಾರಾಟಕ್ಕೆ, ಕಂಪನಿ ಸಮಾರಂಭಕ್ಕೆ ಬಿಳಿ ಮುಖ ದಿನಬಾಡಿಗೆಗೆ ಸಿಗುತ್ತಿತ್ತು. ನಮ್ಮೂರಲ್ಲಿ ಶಾಮಿಯಾನ ಸಿಕ್ಕ ಹಾಗೆ.

ಬಿಳಿಯರು ಬಂದರೆ ರಸ್ತೆಗೆ ಕಾಣುವ ಹಾಗೆ ಗಾಜಿನ ಪಕ್ಕ ಕೂರಿಸುತ್ತಾರೆ. ಅವರು ತಿನ್ನುವುದನ್ನು ನೋಡಿ ಇನ್ನೂ ನಾಲ್ಕು ಜನ ಬರಲಿ ಅಂತ. ನನಗೂ ಅಲ್ಲೇ ಜಾಗ ಕೊಡಬಹುದು ಅಂದುಕೊಂಡಿದ್ದೆ. ನಾನೂ ಹೊರದೇಶದವನೇ ಅಲ್ವಾ? ಬಾಗಿಲಲ್ಲಿದ್ದ ಹುಡುಗಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಕಂಬದ ಹಿಂದಿನ ಟೇಬಲ್ ತೋರಿಸಿದಳು. ನನ್ನ ಬಣ್ಣ ಕಿಟಕಿಗೆ ಸಾಲಲಿಲ್ಲ.

ಮೆನು ತೆರೆದರೆ ಪ್ರತಿ ತಿಂಡಿಯ ಪಕ್ಕ ಒಂದು ಪುಟ್ಟ ಫ್ರೆಂಚ್ ಬಾವುಟ. ಎಲ್ಲ ಆಮದು. ಉಪ್ಪೂ ಆಮದು. ಗೋಡೆ ಮೇಲೆ ಪ್ಯಾರಿಸ್ಸಿನ ಬೀದಿಗಳ ಫೋಟೊ. ಅದರಲ್ಲಿ ಒಂದು ಹಾಂಗ್‌ಝೌ ಊರಿನ ತ್ಯಾನ್‌ದುಚೆಂಗ್ ಬಡಾವಣೆಯದ್ದು ಅಂತ ಲಾವೋಬಾನ್ ಪತ್ತೆ ಹಚ್ಚಿದರು. ಅಲ್ಲಿ 2007ರಲ್ಲಿ 108 ಮೀಟರಿನ ನಕಲಿ ಐಫೆಲ್ ಗೋಪುರವನ್ನೇ ಕಟ್ಟಿದ್ದಾರೆ. ಗೋಪುರದ ವಿಷಯದಲ್ಲಿ ಲಾವೋಬಾನ್ ಕಣ್ಣು ತಪ್ಪಿಸುವುದು ಸುಲಭವಲ್ಲ.

ಮೊದಲು ಬಂದದ್ದು ಫ್ವಾ ಗ್ರಾ. ಹೆಬ್ಬಾತಿಗೆ ಒತ್ತಾಯದಿಂದ ತಿನ್ನಿಸಿ ಕೊಬ್ಬಿಸಿದ ಈಲಿ. ಈ ಹಿಂಸೆ ಬೇಡ ಅಂತ ಭಾರತ 2014ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಬಡಿಸುವ ಹುಡುಗ ತಟ್ಟೆ ಇಟ್ಟು, ‘ಫ್ರಾನ್ಸಿನಿಂದ’ ಅಂದ. ಲಾವೋಬಾನ್ ನಗು ತಡೆಯಲಿಲ್ಲ. ಅವರ ಹೆಂಡತಿಯ ತವರು ಆನ್‌ಹುಯಿ ಪ್ರಾಂತ್ಯದ ಹುವೊಚ್ಯೂ. ಫ್ರಾನ್ಸಿನ ಲಾಂಡ್ ತಳಿಯ ಹೆಬ್ಬಾತುಗಳನ್ನು ತಂದು, ಈ ಈಲಿಗಾಗಿಯೇ ರಾಶಿ ರಾಶಿ ಸಾಕುವ ಜಿಲ್ಲೆ ಅದು. ‘ಹಕ್ಕಿಯ ತಾತ ಫ್ರಾನ್ಸಿನವನು ಇರಬಹುದು. ಹಕ್ಕಿ ನಮ್ಮತ್ತೆ ಮನೆ ಕಡೆಯದ್ದು’ ಅಂದರು.

ಆಮೇಲೆ ಕ್ಯಾವಿಯರ್ ಬಂತು. ಸ್ಟರ್ಜನ್ ಮೀನಿನ ಕಪ್ಪು ಮೊಟ್ಟೆ. ಮಂಜಿನ ಗುಡ್ಡದ ಮೇಲೆ ಒಂದು ಚಮಚದಷ್ಟು. ಅದರ ನೆತ್ತಿಯ ಮೇಲೂ ಒಂದು ಬಾವುಟ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಿವು ಊರಿನ ಪಕ್ಕದ ಜಿಲ್ಲೆ ಚೂಝೌ. ರೈಲಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರವೂ ಇಲ್ಲ. ಅಲ್ಲಿನ ಕಲುಗಾ ಕ್ವೀನ್ ಕಂಪನಿ ಚ್ಯಾನ್‌ದಾವೊ ಸರೋವರದಲ್ಲಿ ಸ್ಟರ್ಜನ್ ಸಾಕಲು ಹೊರಟಾಗ ಎಷ್ಟೋ ಜನ ನಕ್ಕಿದ್ದರಂತೆ. ಈ ಮೀನು ಮೊಟ್ಟೆ ಕೊಡುವುದಕ್ಕೆ ಏಳರಿಂದ ಹದಿನೈದು ವರ್ಷ ಕಾಯಬೇಕು. ಕಾದರು. ಈಗ ಜಗತ್ತಿನ ಅತಿ ದೊಡ್ಡ ಕ್ಯಾವಿಯರ್ ಕಂಪನಿ ಅದೇ. ಪ್ಯಾರಿಸ್ಸಿನಲ್ಲಿ ಮಿಶೆಲಿನ್ ಗೈಡ್ ಊಟಕ್ಕೆ ಕೊಡುವ ಅತಿ ದೊಡ್ಡ ದರ್ಜೆಯಾದ ಮೂರು ಸ್ಟಾರು ಪಡೆದ ಎಷ್ಟೋ ಹೋಟೆಲ್‌ಗಳು ಬಡಿಸುವುದು ಇವರ ಸರಕನ್ನೇ. ಶುರುವಿನಲ್ಲಿ ಯುರೋಪಿನ ದೊಡ್ಡ ಅಂಗಡಿಗಳು ಚೀನಾದ ಹೆಸರು ಕಾಣದ ಹಾಗೆ ತಮ್ಮ ಡಬ್ಬಿಗೆ ತುಂಬಿ ಮಾರುತ್ತಿದ್ದವು. ಅಂದರೆ ಪ್ಯಾರಿಸ್ಸಿನವರು ಇದು ಚೀನಾದ್ದು ಅಂತ ಮುಚ್ಚಿಟ್ಟರು. ಯಿವು ಊರಿನವರೂ ಇದು ಚೀನಾದ್ದು ಅಂತ ಮುಚ್ಚಿಡುತ್ತಾರೆ. ಎರಡು ದೇಶಗಳ ನಡುವೆ ಇಷ್ಟು ಒಮ್ಮತ ವಿಶ್ವಸಂಸ್ಥೆಯಲ್ಲೂ ಸಿಗುವುದಿಲ್ಲ.

ಟ್ರಫಲ್ ಕಥೆಯೂ ಇದೇ. ಮಣ್ಣೊಳಗೆ ಬೆಳೆಯುವ ಈ ದುಬಾರಿ ಅಣಬೆ ಚೀನಾದ್ದೇ ಆದ ಯುನ್ನಾನ್ ಪ್ರಾಂತ್ಯದ ಕಾಡಿನಲ್ಲಿ ಬೇಕಾದಷ್ಟಿದೆ. ಅಲ್ಲಿನ ರೈತರು ಹಿಂದೆ ಅದನ್ನು ಹಂದಿಗೆ ಹಾಕುತ್ತಿದ್ದರು. ಯುರೋಪಿನವರು ಕೊಳ್ಳಲು ಬಂದ ಮೇಲೆ ಹಂದಿಗಳಿಗೆ ಆ ಭಾಗ್ಯ ತಪ್ಪಿತು.

ಇಷ್ಟು ಹೊತ್ತಿಗೆ ನನಗೆ ಹಸಿವು ಜೋರಾಗಿತ್ತು. ನನ್ನದು ಸಸ್ಯಾಹಾರ ಅಂತ ಮೊದಲೇ ಹೇಳಿದ್ದೆ. ಈರುಳ್ಳಿ ಸೂಪು ತಂದಿಟ್ಟರು. ದನದ ಮೂಳೆ ಕುದಿಸಿದ ನೀರಿನಲ್ಲಿ ಮಾಡಿದ್ದು. ಅದರಲ್ಲಿ ಈರುಳ್ಳಿ ಮಾತ್ರ ಸಸ್ಯಾಹಾರಿ. ತಪ್ಪು ಇವರದ್ದಲ್ಲ. ಪ್ಯಾರಿಸ್ಸಿನಲ್ಲೂ ಹಾಗೇ ಮಾಡುವುದು. ಇಡೀ ಊಟದಲ್ಲಿ ಅಪ್ಪಟ ಫ್ರೆಂಚ್ ಪದ್ಧತಿಯಲ್ಲಿ ಬಂದದ್ದು ಅದೊಂದೇ, ಅದನ್ನು ನಾನು ಮುಟ್ಟುವ ಹಾಗಿರಲಿಲ್ಲ. ಬ್ರೆಡ್ಡು ತಿಂದೆ. ಮತ್ತೆ ಕೇಳಿದೆ, ಮತ್ತೆ ತಿಂದೆ.

ಲಾವೋಬಾನ್ ಸ್ಟೇಕ್, ಅಂದರೆ ದನದ ಮಾಂಸದ ದಪ್ಪ ತುಂಡು, ಹೇಳಿದರು. ‘ಎಷ್ಟು ಬೇಯಿಸಲಿ? ಮೂರಾ, ಐದಾ, ಏಳಾ?’ ಅಂತ ಹುಡುಗ ಕೇಳಿದ. ಹತ್ತಕ್ಕೆ ಎಷ್ಟು ಅಂತ ಲೆಕ್ಕ. ಬೆಸ ಸಂಖ್ಯೆ ಮಾತ್ರ. ನಾಲ್ಕು, ಆರು ಕೇಳಿದರೆ ಹಳ್ಳಿಯವನು ಅನ್ನುತ್ತಾರೆ. ಪೂರ್ತಿ ಬೇಯಿಸಿ ಅಂದರೆ ಇನ್ನೂ ಹಳ್ಳಿಯವನು. ಈ ಪರೀಕ್ಷೆಗೆ ಹೆದರಿ ಬಹಳ ಜನ ಏಳು ಅನ್ನುತ್ತಾರೆ. ಲಾವೋಬಾನ್ ಗಟ್ಟಿಯಾಗಿ ‘ಹತ್ತು’ ಅಂದರು. ಪಕ್ಕದ ಟೇಬಲ್‌ನ ಜೋಡಿ ತಿರುಗಿ ನೋಡಿತು. ಕೆಂಡದಂಥ ಕಬ್ಬಿಣದ ತಟ್ಟೆಯಲ್ಲಿ ಮಾಂಸ, ಮೇಲೆ ಮೆಣಸಿನ ಸಾಸ್, ಪಕ್ಕದಲ್ಲಿ ಹಿಡಿ ಸ್ಪಾಗೆಟ್ಟಿ, ಒಂದು ಹುರಿದ ಮೊಟ್ಟೆ. ಚೀನಾದ ಬೀದಿ ಬೀದಿಯಲ್ಲಿ ಸಿಗುವ ಸ್ಟೇಕ್ ಅಂಗಡಿಯ ತಟ್ಟೆಯೇ. ಇಲ್ಲಿ ಬಾವುಟ ಇತ್ತು ಅಷ್ಟೇ.

ಕಪ್ಪೆ ಕಾಲು ಕೂಡ ಮೆನುವಿನಲ್ಲಿತ್ತು. ನಮ್ಮ ಗದ್ದೆಯ ಕಪ್ಪೆಗಳೂ ಒಂದು ಕಾಲದಲ್ಲಿ ಫ್ರಾನ್ಸಿಗೆ ಹೋಗುತ್ತಿದ್ದವು. ಗದ್ದೆಯಲ್ಲಿ ಹುಳುಹುಪ್ಪಟೆ ಜಾಸ್ತಿಯಾದ ಮೇಲೆ 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಈ ಹೋಟೆಲ್ ಎದುರಿನ ಗಲ್ಲಿಯಲ್ಲೇ ಕೆಂಪು ಮೆಣಸಿನಕಾಯಿ ಸುರಿದು ಕಪ್ಪೆ ಹುರಿಯುವ ಅಂಗಡಿ ಇದೆ. ಸಂಜೆಯಾದರೆ ಜನ ಸರದಿ ನಿಲ್ಲುತ್ತಾರೆ. ಅಲ್ಲಿ ಒಂದು ಬಾಂಡಲೆ ತುಂಬ ಕಪ್ಪೆಗೆ ಕೊಡುವ ದುಡ್ಡಿಗೆ ಇಲ್ಲಿ ಎರಡು ಕಾಲೂ ಬರುವುದಿಲ್ಲ. ಕಪ್ಪೆ ರಸ್ತೆ ದಾಟಿದರೆ ಸಾಕು, ಅದಕ್ಕೆ ಫ್ರೆಂಚ್ ಪೌರತ್ವ.

ನಗುವುದಕ್ಕೆ ನಮಗೇನು ಹಕ್ಕು ಅಂತ ನೀವು ಕೇಳಬಹುದು. ಚೀನಾದವರು ಕೇಳರಿಯದ ಗೋಬಿ ಮಂಚೂರಿಯನ್ನು ನಾವು ಚೈನೀಸ್ ಅಂತ ಗಲ್ಲಿ ಗಲ್ಲಿಯಲ್ಲಿ ತಿನ್ನುತ್ತೇವೆ, ನಿಜ. ಆದರೆ ನಮ್ಮ ಗಾಡಿಯವರು ಯಾವತ್ತೂ ‘ಮಂಚೂರಿಯಾದಿಂದ ತರಿಸಿದ ಹೂಕೋಸು’ ಅಂತ ಬೋರ್ಡ್ ಹಾಕಿದವರಲ್ಲ. ಅವರ ಹತ್ತಿರ ಪರಕೀಯವಾಗಿ ಕಾಣುತ್ತಿದ್ದದ್ದು ಆ ಕೆಂಪು ಬಣ್ಣ ಒಂದೇ. ಅದನ್ನೂ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿತು.

ಇನ್ನು ವೈನು. 2008ರ ವೈನಿನ ಬಾಟಲಿಯ ಮೇಲೆ ಚೀನೀ ಅಂಕಿ ಎಂಟನ್ನು ಹಾಕುತ್ತೇವೆ ಅಂತ ಫ್ರಾನ್ಸಿನ ಲಫೀಟ್ ಕಂಪನಿ 2010ರಲ್ಲಿ ಹೇಳಿದ್ದೇ ತಡ, ಬೆಲೆ ನೆಗೆದು ಕೂತಿತು. ಎಂಟು ಇಲ್ಲಿ ಅದೃಷ್ಟದ ಅಂಕಿ. ಇನ್ನು 1982ರ ಲಫೀಟ್ ಅಂದರೆ, ಕಂಪನಿ ಆ ವರ್ಷ ತಯಾರಿಸಿದ್ದಕ್ಕಿಂತ ಜಾಸ್ತಿ ಚೀನಾದಲ್ಲೇ ಕುಡಿದು ಮುಗಿಸಿದ್ದಾರೆ ಅಂತ ಇಲ್ಲಿನವರೇ ತಮಾಷೆ ಮಾಡುತ್ತಾರೆ. ನಮ್ಮ ಟೇಬಲ್‌ಗೆ ಬಂದ ಬಾಟಲಿಯನ್ನು ಲಾವೋಬಾನ್ ತಿರುಗಿಸಿ ನೋಡಿದರು. ಸ್ಪೇನಿನದ್ದು. 2014ರ ನವೆಂಬರ್‌ನಲ್ಲಿ ಯಿವು ಊರಿನಿಂದ ಮ್ಯಾಡ್ರಿಡ್‌ಗೆ 13 ಸಾವಿರ ಕಿಲೋಮೀಟರ್ ಓಡುವ ಸರಕು ರೈಲು ಹೊರಟಿತು. ಅದು ವಾಪಸ್ ಬರುವಾಗ ವೈನು, ಆಲಿವ್ ಎಣ್ಣೆ ಹೊತ್ತು ತರುತ್ತದೆ. ಅಂತೂ ನಿಜವಾಗಿ ಯುರೋಪಿನಿಂದ ಬಂದ ಒಂದು ಪದಾರ್ಥ ಮೇಜಿನ ಮೇಲಿತ್ತು. ಲಾವೋಬಾನ್ ಅದಕ್ಕೆ ಅರ್ಧ ಬಾಟಲಿ ಸ್ಪ್ರೈಟ್ ಬೆರೆಸಿ, ‘ಗಾನ್‌ಬೇ’ ಅಂತ ಒಂದೇ ಗುಟುಕಿಗೆ ಮುಗಿಸಿದರು.

ಬಿಲ್ಲು ಬಂತು. ಒಂದು ಸಣ್ಣ ಕಾರ್ಟನ್ ಕೀ ಚೈನ್ ಕೊಳ್ಳಬಹುದಾದಷ್ಟು ಮೊತ್ತ. ಲಾವೋಬಾನ್ ಫೋನಿನಲ್ಲಿ ಕೋಡ್ ಸ್ಕ್ಯಾನ್ ಮಾಡಿ ಕೊಟ್ಟರು. ಆಮೇಲೆ ಕ್ಯಾವಿಯರ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂತರು. ಅವರು ಸುಮ್ನೆ ಕೂತರೆ ಲೆಕ್ಕ ನಡೆಯುತ್ತಿದೆ ಅಂತ ಅರ್ಥ.

‘ಮೈ ಫ್ರೆಂಡ್, ಬೆಂಗಳೂರಿನಲ್ಲಿ ಇದನ್ನು ಯಾರು ತಿನ್ನುತ್ತಾರೆ?’

‘ಚೀನಾದ್ದು ಅಂದರೆ ಯಾರೂ ಮುಟ್ಟುವುದಿಲ್ಲ’ ಅಂದೆ.

‘ಚೀನಾದ್ದು ಅಂತ ಹೇಳಿದವರು ಯಾರು? ಬಾವುಟದ ಸ್ಟಿಕ್ಕರ್ ನಮ್ಮ ಮಾರುಕಟ್ಟೆಯಲ್ಲೇ ಸಿಗುತ್ತದೆ. ಸಾವಿರ ಸ್ಟಿಕ್ಕರಿಗಿಂತ ಕಮ್ಮಿ ಕೊಡುವುದಿಲ್ಲ ಅಷ್ಟೇ.’

ನನ್ನ ಕಮಿಷನ್ ಡಬ್ಬಿಯ ಮೇಲೋ, ಸ್ಟಿಕ್ಕರಿನ ಮೇಲೂ ಉಂಟೋ ಅಂತ ಕೇಳಿದೆ.