ಅಜ್ಜನ ಹೆಸರಿನಲ್ಲಿರುವ ಬಿಸಿಲು

ದಾವಣಗೆರೆಯ ಏಪ್ರಿಲ್ ಬಿಸಿಲು ಎಂಥದ್ದೆಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ಕೈಚೀಲದಲ್ಲಿ ಹದಿನಾಲ್ಕು ಜೆರಾಕ್ಸ್ ಪ್ರತಿಗಳನ್ನು ತುಂಬಿಕೊಂಡು, ಕಾದ ಹಂಚಿನಂತಿದ್ದ ಸ್ಕೂಟರ್ ಸೀಟಿನ ಮೇಲೆ ಕುಳಿತು ನಾನು ಕಚೇರಿಯೊಂದಕ್ಕೆ ಹೋದದ್ದು, ಇದೇ ಬಿಸಿಲಿನಿಂದ ಮನೆಗೆ ಕರೆಂಟು ಮಾಡಿಕೊಳ್ಳುತ್ತೇವೆ, ದಯವಿಟ್ಟು ಅನುಕೂಲ ಮಾಡಿಕೊಡಿ ಎಂದು ಕೇಳುವುದಕ್ಕೆ. ಇದು ಮೂರನೆಯ ಭೇಟಿ. ಮೊದಲ ಸಲ ಹೋದಾಗ ಸರ್ವರ್ ಇರಲಿಲ್ಲ. ಎರಡನೆಯ ಸಲ ಸಾಹೇಬರು ಇರಲಿಲ್ಲ. ಮೂರನೆಯ ಸಲ ಸರ್ವರೂ ಇತ್ತು, ಸಾಹೇಬರೂ ಇದ್ದರು, ನಮ್ಮ ಅಜ್ಜ ಇರಲಿಲ್ಲ.

ಕೌಂಟರಿನಲ್ಲಿದ್ದ ಹುಡುಗಿ ಕರೆಂಟು ಬಿಲ್ಲನ್ನೂ ನನ್ನ ಆಧಾರ್ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿ, “ಬಿಲ್ಲಿನಾಗ ಇರೋರು ಯಾರ್ರೀ ಸರ್?” ಎಂದು ಕೇಳಿದಳು.

“ನಮ್ಮ ಅಜ್ಜ.”

“ಅವರನ್ನ ಕರ್ಕೊಂಡು ಬರ್ರಿ.”

ಅಜ್ಜ 2003ರಲ್ಲೇ ತೀರಿಕೊಂಡರೆಂದು ತಿಳಿಸಿದಾಗ ಅವಳು ನಿಜವಾಗಿಯೂ ಬೆರಗಾದಳು. “ಮತ್ತ ಬಿಲ್ಲು ಒಂದು ತಿಂಗಳೂ ಬಾಕಿ ಇಲ್ಲಲ್ರೀ?”

ತಪ್ಪು ಅವಳದ್ದಲ್ಲ, ನಮ್ಮದೇ. ಎರಡು ದಶಕಗಳಿಂದ ಅಜ್ಜನ ಹೆಸರಿನಲ್ಲಿ ಬಿಲ್ಲು ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು; ಬಿಲ್ಲಿನ ಮೇಲಿನ ಆರ್.ಆರ್. ನಂಬರು ಸರಿಯಿದ್ದರೆ ಸಾಕು ಎಂಬ ನಂಬಿಕೆಯಲ್ಲಿ ಬದುಕಿದ ಕುಟುಂಬ ನಮ್ಮದು. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗಲೂ ಆ ನಂಬಿಕೆಗೆ ಧಕ್ಕೆಯಾಗಲಿಲ್ಲ, ಏಕೆಂದರೆ ಅಲ್ಲಿ ಮನೆಯಲ್ಲಿ ವಾಸವಿರುವವರ ಆಧಾರ್ ನಡೆಯಿತು. ಆದರೆ ಆ ಯೋಜನೆಗೆ 200 ಯೂನಿಟ್ ಎಂಬ ಲಕ್ಷ್ಮಣರೇಖೆ ಇದೆಯಲ್ಲ, ಅದನ್ನು ದಾಟಿದರೆ ದಾಟಿದ ಆರೇಳು ಯೂನಿಟ್‌ಗಳಿಗಷ್ಟೇ ಅಲ್ಲ, ಪೂರ್ತಿ ಬಿಲ್ಲಿಗೆ ದುಡ್ಡು ಕಟ್ಟಬೇಕು. ಹಾಗಾಗಿ ಬೇಸಿಗೆಯಲ್ಲಿ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮಮ್ಮ ದಿನಕ್ಕೆರಡು ಬಾರಿ ಮೀಟರಿನ ಮುಂದೆ ನಿಂತು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ ಅದರ ಅಂಕಿಗಳನ್ನು ನೋಡುತ್ತಾರೆ. ಕಳೆದ ಬೇಸಿಗೆಯಲ್ಲಿ ಕೂಲರಿನ ದೆಸೆಯಿಂದ 206 ಬಂದು, ಸೊನ್ನೆ ಇರಬೇಕಾದ ಜಾಗದಲ್ಲಿ ಸಾವಿರದ ಎಂಟುನೂರರ ಹತ್ತಿರದ ಮೊತ್ತ ಮುದ್ರಣವಾದ ದಿನವೇ ಮನೆಯಲ್ಲಿ ಸೋಲಾರಿನ ಮಾತು ಎದ್ದದ್ದು.

ಆ ಮಾತಿಗೆ ಎಣ್ಣೆ ಎರೆದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅವರು ತಮ್ಮ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಒಂದು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ, ನಾನು ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದ ಕೂಡಲೇ ಕಾಂಪೌಂಡಿನ ಆಚೆಯಿಂದ “ನಿನ್ನೆ ಹನ್ನೆರಡು ಪಾಯಿಂಟ್ ಮೂರು!” ಎಂಬ ಉದ್ಘೋಷ ಕೇಳಿಬರುತ್ತದೆ. ಬಾಯ್ತುಂಬ ಪೇಸ್ಟಿನ ನೊರೆ ಇರುವಾಗ ನಾನು ತಲೆಯಾಡಿಸುವುದನ್ನು ಅವರು ಮೆಚ್ಚುಗೆ ಎಂದು ತಿಳಿದಿದ್ದಾರೆ. ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಬರಬೇಕು ಎಂಬ ಲೆಕ್ಕವನ್ನು ಅವರು ಮಗ್ಗಿಯಂತೆ ಇಟ್ಟುಕೊಂಡಿದ್ದು, ಹನ್ನೆರಡಕ್ಕೆ ಕಡಿಮೆಯಾದ ದಿನ ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರಂತೆ ಮಾತನಾಡುತ್ತಾರೆ. ಮಂಡಕ್ಕಿ ಭಟ್ಟಿಯ ಕಡೆಯಿಂದ ಗಾಳಿ ಬೀಸಿದ ಮರುದಿನ ಬೆಳಗಿನ ಜಾವ ಐದಕ್ಕೇ ಏಣಿ ಹತ್ತಿ, ಹಳೆಯ ಪಂಚೆಯನ್ನು ಒದ್ದೆ ಮಾಡಿಕೊಂಡು ಪ್ಯಾನೆಲ್ಲುಗಳ ಮೇಲಿನ ಮಸಿಯನ್ನು ಒರೆಸುತ್ತಾರೆ. ಅವರ ಮನೆಯ ಒಳಗಿನ ಫ್ಯಾನಿನ ರೆಕ್ಕೆಗಳ ಮೇಲಿರುವ ಧೂಳನ್ನು ನಾನು ಕಣ್ಣಾರೆ ಕಂಡಿರುವುದರಿಂದ ಇದನ್ನು ಸ್ವಚ್ಛತೆಯ ಪ್ರೇಮವೆನ್ನಲಾರೆ.

ಇಷ್ಟಾಗಿದ್ದರೆ ಸಹಿಸಬಹುದಿತ್ತು. ಕಳೆದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರ ಶಿವಗಣಾರಾಧನೆಗೆ ಇಬ್ಬರೂ ಜೊತೆಯಲ್ಲೇ ಹೋಗಿದ್ದೆವು. ಮೇಷ್ಟ್ರು ಭಾವಚಿತ್ರಕ್ಕೆ ಹೂವಿಟ್ಟು, ಕೈಮುಗಿದು, ಕಣ್ಣುಮುಚ್ಚಿ ನಿಂತು, ಆಮೇಲೆ ಕಿಟಕಿಯಾಚೆಗಿನ ಮೋಡವನ್ನು ದಿಟ್ಟಿಸಿ ದೀರ್ಘವಾಗಿ ನಿಟ್ಟುಸಿರು ಬಿಟ್ಟರು. ಹಿರಿಯರ ಮಗ ಅವರ ಕೈ ಹಿಡಿದುಕೊಂಡು, “ಅಪ್ಪಾಜಿಗೆ ನೀವಂದ್ರೆ ಭಾಳ ಇಷ್ಟ ಸರ್” ಎಂದು ಗದ್ಗದಿತನಾದ. ಊಟದ ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುವ ಹೊತ್ತಿಗೆ ಮೇಷ್ಟ್ರು ಎಡಗೈಯಿಂದ ಮೊಬೈಲನ್ನು ನನ್ನ ಎಲೆಯ ಅಂಚಿಗೆ ಸರಿಸಿ, ತಗ್ಗಿದ ದನಿಯಲ್ಲಿ, “ಮಧ್ಯಾಹ್ನ ಒಂದೂವರೆ ಆತು, ಇನ್ನೂ ಎರಡು ಪಾಯಿಂಟ್ ಒಂಬತ್ತು ನೋಡ್ರಿ” ಎಂದರು. ಆ ನಿಟ್ಟುಸಿರು ಯಾರಿಗಾಗಿ ಎಂಬುದನ್ನು ನಾನು ಆ ಮನೆಯವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ತಾರಸಿ ಸೋಲಾರಿಗೆ ಕೇಂದ್ರ ಸರ್ಕಾರ ಸಹಾಯಧನ ಕೊಡುವ ಯೋಜನೆಯ ವಿವರಗಳನ್ನು ನನಗೆ ಕಲಿಸಿದವರೂ ಅವರೇ. ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಗುರಿ ಒಂದು ಕೋಟಿ ಮನೆ. ಸಹಾಯಧನ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ಅದರಾಚೆಗೆ ಎಷ್ಟು ಹಾಕಿಸಿಕೊಂಡರೂ ಅಷ್ಟೇ. ಇದಕ್ಕೆಂದು ತೆಗೆದಿಟ್ಟ ಮೊತ್ತ 75,021 ಕೋಟಿ. ಮದುವೆ ಮುಯ್ಯಿಗೆ ಸಾವಿರದ ಮೇಲೊಂದು ರೂಪಾಯಿ ಇಡುವ ಜನ ನಾವಾದ್ದರಿಂದ, ಆ ಕೊನೆಯ 21 ಕೋಟಿ ನಮ್ಮ ಅಮ್ಮನಿಗೆ ತುಂಬ ಹಿಡಿಸಿತು. ಉಳಿದ ದುಡ್ಡಿಗೆ ಅಡಮಾನವಿಲ್ಲದ ಬ್ಯಾಂಕ್ ಸಾಲವೂ ಉಂಟು. ಯೋಜನೆ ಶುರುವಾದಾಗ ಬಡ್ಡಿ ಸುಮಾರು ಶೇಕಡಾ 7 ಇತ್ತು. ಆದರೆ ಸಹಾಯಧನ ಮೊದಲು ಕೈಗೆ ಬರುವುದಿಲ್ಲ. ಪ್ಯಾನೆಲ್ ಕೂರಿಸಿ, ಎರಡೂ ಕಡೆಗೆ ಓಡುವ ಮೀಟರ್ ಹಾಕಿಸಿ, ತಪಾಸಣೆ ಮುಗಿದ ಮೇಲೆ, ಯಾರ ಹೆಸರಿನಲ್ಲಿ ಬಿಲ್ಲು ಇದೆಯೋ ಅವರ ಖಾತೆಗೆ ಬೀಳುತ್ತದೆ. ನಮ್ಮ ಅಜ್ಜನ ಖಾತೆ ಇದ್ದ ಶಾಖೆಯೂ ಈಗಿಲ್ಲ.

ಬಿಲ್ಲಿನ ಹೆಸರು ಬದಲಾಗಬೇಕಾದರೆ ಮರಣ ಪತ್ರ, ವಂಶವೃಕ್ಷ, ಮನೆಯ ಖಾತೆಯ ನಕಲು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಷ್ಟೂ ಬೇಕೆಂದು ಹುಡುಗಿ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ವಾರಸುದಾರರೆಂದರೆ ಹುಬ್ಬಳ್ಳಿಯ ದೊಡ್ಡಪ್ಪ, ಶಿವಮೊಗ್ಗದ ಚಿಕ್ಕಪ್ಪ ಮತ್ತು ಚಿತ್ರದುರ್ಗದ ಅತ್ತೆ. ದೊಡ್ಡಪ್ಪ ಸಹಿ ಹಾಕುವ ಮುನ್ನ ಮೂರು ಪುಟದ ಕಾಗದವನ್ನು ನಾಲ್ಕು ದಿನ ಓದುತ್ತಾರಂತೆ. ಚಿಕ್ಕಪ್ಪ ಫೋನು ಎತ್ತಿಲ್ಲ. ಅತ್ತೆ ಎತ್ತಿದರು, ಅರ್ಧ ಗಂಟೆ ಇಡಲಿಲ್ಲ.

“ಸೋಲಾರ್ ಹಾಕಕ್ಕೆ ನನ್ನ ಸಹಿ ಯಾಕಪ್ಪ? ನಾಳೆ ಮನೇಲಿ ನಂಗೆ ಪಾಲಿಲ್ಲ ಅಂತೀರೇನು?” ಎಂದು ಶುರುವಾದ ಮಾತು, ಇದು ಬರೀ ಬಿಲ್ಲಿನ ಹೆಸರು ಎಂದು ನಾನು ಆಣೆ ಮಾಡಿದ ಮೇಲೆ ಚಿತ್ರದುರ್ಗದ ಹಿರಿಮೆಯ ಕಡೆಗೆ ಹೊರಳಿತು. ಅವರ ಊರಿನ ಗುಡ್ಡಗಳ ನೆತ್ತಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಅತ್ತೆ ತಮ್ಮ ಸ್ವಂತದ್ದೆಂದೇ ಭಾವಿಸಿದ್ದಾರೆ. “ನಮ್ಮ ಕಡೆ ಫ್ಯಾನ್ ತಿರುಗಿದ್ರೆ ಕರೆಂಟು ಬರುತ್ತೆ, ನಿಮ್ಮ ಕಡೆ ಕರೆಂಟು ಬಂದ್ರೆ ಫ್ಯಾನ್ ತಿರುಗುತ್ತೆ. ಬುದ್ಧಿವಂತರು ಯಾರು ನೀನೇ ಹೇಳು” ಎಂದರು. ಒಪ್ಪಿಗೆ ಪತ್ರ ಬೇಕಾಗಿದ್ದುದರಿಂದ ಚಿತ್ರದುರ್ಗದವರೇ ಬುದ್ಧಿವಂತರೆಂದು ಒಪ್ಪಿಕೊಂಡೆ.

ಮನೆಯೊಳಗೂ ತಕರಾರುಗಳಿಲ್ಲದೆ ಇಲ್ಲ. ಮುನ್ನೂರು ಚದರಡಿ ತಾರಸಿಯನ್ನು ಪ್ಯಾನೆಲ್ಲಿಗೆ ಕೊಟ್ಟರೆ ಸಂಡಿಗೆ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಒಣಗಬೇಕು ಎಂದು ಅಮ್ಮ ಕೇಳುತ್ತಾರೆ. ಸೂರ್ಯನಿಗೆ ನಮ್ಮ ಮನೆಯಲ್ಲಿ ಮೊದಲೇ ಒಂದು ನೌಕರಿ ಇದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅಪ್ಪ ಮಾತ್ರ ಏನೂ ಹೇಳದೆ ಅಜ್ಜನ ಹೆಸರಿದ್ದ ಬಿಲ್ಲನ್ನು ಮಡಿಸುತ್ತಾ ಕುಳಿತಿದ್ದರು. ಅಜ್ಜ ಇಲ್ಲಿಯ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಕರೆಂಟು ಜೋಗದಿಂದ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅಂದಿನಿಂದ ಅವರ ಪಾಲಿಗೆ ಅದು ನೀರೇ ಆಗಿಹೋಗಿತ್ತು. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ, “ಯಾರಲೇ ನಲ್ಲಿ ತೆರೆದು ಬಿಟ್ಟೋರು?” ಎಂದು ಗದರುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮರದ ಹಲಗೆಯ ಮೇಲಿನ ಕಪ್ಪು ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತಾ ನಡುಮನೆಯಿಂದ ಅಡುಗೆಮನೆಯವರೆಗೆ ಅವರು ನಡೆದುಹೋಗುವ ಟಪ್, ಟಪ್ ಸದ್ದಿನ ನಡುವೆಯೇ ನನಗೆ ನಿದ್ದೆ ಹತ್ತುತ್ತಿತ್ತು.

“ಗಿರಣಿಯೂ ಹೋತು, ಹಾಜರಿ ಪುಸ್ತಕವೂ ಹೋತು. ಇದೊಂದರಾಗ ತಿಂಗಳಿಗೊಮ್ಮೆ ಅವರ ಹೆಸರು ಬರ್ತಿತ್ತು” ಎಂದು ಅಪ್ಪ ಬಿಲ್ಲನ್ನು ಫೈಲಿಗೆ ಸೇರಿಸಿದರು. ಆಮೇಲೆ ತಾವೇ ಮೊದಲನೆಯವರಾಗಿ ಸಹಿ ಮಾಡಿದರು.

ಇಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದೆ. ಮೇಷ್ಟ್ರು ಕಾಂಪೌಂಡಿನ ಮೇಲೆ ಮೊಣಕೈಯೂರಿ ಸಿದ್ಧರಾಗಿದ್ದರು.

“ನಿನ್ನೆ ಬರೀ ಹತ್ತು ಪಾಯಿಂಟ್ ನಾಕು. ಸಂಜೆ ಮೋಡ ಆತು. ನಿಮ್ಮದು ಎಲ್ಲಿಗೆ ಬಂತ್ರಿ?”

ನೊರೆ ಉಗಿದು ಹೇಳಿದೆ: “ನಿನ್ನೆ ಒಂದು ಸಹಿ ಬಂತು ಸರ್. ಇನ್ನು ಮೂರು ಬಾಕಿ.”

“ಇರ್ಲಿ ಬಿಡ್ರಿ, ಮೋಡ ಇತ್ತಲ್ಲ” ಎಂದರು.