ಸಬ್‌ಮರೀನ್ ವೆಲ್ಡರ್‌ಗಳು ಸುಮ್ನೆ ಕೂತರೆ

ವಿಶಾಖಪಟ್ಟಣದ ಬೀಚಿನಲ್ಲಿ ಕುರ್ಸುರಾ ಸಬ್‌ಮರೀನ್ ಇಟ್ಟಿದ್ದಾರೆ, ನೋಡಿದ್ದೀರಾ? 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾದದ್ದು. ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿಯಲ್ಲಿ ಮೊದಲು ಕಾಲು ತೂರಿಸಿ, ಸೊಂಟ ಬಗ್ಗಿಸಿ, ಆಮೇಲೆ ತಲೆ ಎಳೆದುಕೊಳ್ಳಬೇಕು. ನಾನು ಹಣೆ ಚಚ್ಚಿಕೊಂಡೆ. ಟಾರ್ಪಿಡೊ ಪಕ್ಕದಲ್ಲೇ ಮಲಗುವ ಹಲಗೆ!

ಡೀಸೆಲ್ ಸಬ್‌ಮರೀನ್ ನೀರಿನಡಿ ಬ್ಯಾಟರಿಯಲ್ಲಿ ಓಡುತ್ತದೆ. ಚಾರ್ಜ್ ಇಳಿದರೆ ಮೇಲೆ ಬಂದು, ಕೊಳವೆ ಚಾಚಿ, ಗಾಳಿ ಎಳೆದು ಎಂಜಿನ್ ಓಡಿಸಬೇಕು. ಸಿಕ್ಕಿಬೀಳುವುದು ಆಗಲೇ. ಹೊರಗಿನ ಗಾಳಿಯಿಲ್ಲದೆ ವಿದ್ಯುತ್ ಮಾಡುವ ಎಐಪಿ ಇದ್ದರೆ ವಾರಗಟ್ಟಲೆ ಕೆಳಗೇ ಇರಬಹುದು. ಪಾಕಿಸ್ತಾನದ ಹಮ್ಜಾ ಸಬ್‌ಮರೀನ್ 2008ರಲ್ಲೇ ಎಐಪಿ ಜೊತೆ ಬಂತು. ಫ್ರಾನ್ಸಿನ ಸ್ಕಾರ್ಪೀನ್ ವಿನ್ಯಾಸದ ನಮ್ಮ ಆರು ಕಲ್ವರಿ ಸಬ್‌ಮರೀನ್‌ಗಳೂ ಅದಿಲ್ಲದೆಯೇ ಬಂದವು. ಈಗ ಡಿಆರ್‌ಡಿಒ ಎಐಪಿಗೆ 2024ರ ಡಿಸೆಂಬರ್‌ನಲ್ಲಿ ಸುಮಾರು 1,990 ಕೋಟಿಯ ಕರಾರಾಗಿದೆ. ಅಂದರೆ ಕಟ್ಟಿ ಮುಗಿಸಿದ ಹಡಗನ್ನು ನಡುವೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಮತ್ತೆ ಬೆಸೆಯಬೇಕು.

ಟಾರ್ಪಿಡೊ ಕಥೆಯೂ ಅಷ್ಟೇ. ಅಗಸ್ಟಾ ಹೆಲಿಕಾಪ್ಟರ್ ಹಗರಣದ ಬಿಸಿಗೆ, ಅದೇ ಇಟಲಿ ಕಂಪನಿ ಗುಂಪಿನ ಬ್ಲ್ಯಾಕ್ ಶಾರ್ಕ್ ಟಾರ್ಪಿಡೊ ಖರೀದಿ ರದ್ದಾಯಿತು. ಹೊಸ ಸಬ್‌ಮರೀನ್‌ಗೆ ಹಳೇ ಟಾರ್ಪಿಡೊ!

ಆದರೆ ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಜರ್ಮನಿಯವರಿಂದ ಕಲಿತು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಶಲ್ಕಿ, ಶಂಕುಲ್ ಎಂಬ ಎರಡು ಸಬ್‌ಮರೀನ್ ಕಟ್ಟಿದೆವು. ಎರಡನೆಯದು ನೌಕಾಪಡೆ ಸೇರಿದ್ದು 1994ರಲ್ಲಿ. ಕಮಿಷನ್ ಗಲಾಟೆಯಲ್ಲಿ ಮುಂದಿನ ಆರ್ಡರ್ ನಿಂತಿತು. ಫ್ರಾನ್ಸಿನ ಜೊತೆ ಕರಾರಾದದ್ದು 2005ರಲ್ಲಿ, ಮೊದಲ ಕಲ್ವರಿ ಬಂದದ್ದು 2017ರಲ್ಲಿ. ಶಂಕುಲ್‌ಗೂ ಅದಕ್ಕೂ ನಡುವೆ 23 ವರ್ಷ! ಸಬ್‌ಮರೀನ್ ಬೆಸುಗೆ ಗೇಟು ಗ್ರಿಲ್ಲಿನ ಕೆಲಸ ಅಲ್ಲ. ಎಕ್ಸ್‌ರೇ ತೆಗೆದು ನೋಡುತ್ತಾರೆ, ಕೂದಲೆಳೆ ಬಿರುಕಿದ್ದರೂ ಕೆರೆದು ಮತ್ತೆ ಬೆಸೆಯಬೇಕು. ಅಂಥ ಕೈಗಳು ರಿಟೈರ್ ಆದವು, ಹೊಸಬರು ಅ ಆ ಇ ಈಯಿಂದ ಶುರು ಮಾಡಿದರು. ಹಗರಣ ಮಾಡಿದವರನ್ನು ಹಿಡಿಯಿರಿ, ಬೇಡ ಅಂದವರ್ಯಾರು? ಅದಕ್ಕೆ ಕಾರ್ಖಾನೆಗೆ ಯಾಕೆ ಬೀಗ?

ಆರನೆಯ ಕಲ್ವರಿಯಾದ ವಾಗ್‌ಶೀರ್ 2025ರ ಜನವರಿಯಲ್ಲಿ ನೌಕಾಪಡೆ ಸೇರಿತು. ಇನ್ನೂ ಮೂರು ಸ್ಕಾರ್ಪೀನ್‌ಗೆ 2023ರ ಜುಲೈಯಲ್ಲೇ ಒಪ್ಪಿಗೆ ಸಿಕ್ಕಿತ್ತು. ದಶಕದಿಂದ ಮಾತಾಡುತ್ತಿದ್ದ, ಪಿ-75ಐ ಎಂಬ ಮುಂದಿನ ಯೋಜನೆಯ ಆರು ಸಬ್‌ಮರೀನ್ ಬೇರೆ ಇದ್ದವು. ವಾಗ್‌ಶೀರ್ ಹೊರಟ ದಿನ ಎರಡರದ್ದೂ ಕರಾರಿಗೆ ಸಹಿ ಬಿದ್ದಿರಲಿಲ್ಲ. ನನ್ನ ಕೇಳಿದರೆ, ಕಟ್ಟಿ ಗೊತ್ತಿರುವ ಆ ಮೂರರ ಆರ್ಡರ್ ಅಂದೇ ಕೊಡಬೇಕಿತ್ತು, ಅಲ್ವಾ?